ಹೆಸರು ಹೇಳದ ಪ್ರಾರ್ಥನೆ

"ವಂದನೆ ಅಯ್ಯನವರೇ. ಪ್ರಸಂಗ ಚೆನ್ನಾಗಿತ್ತು."

ಭಾನುವಾರದ ಆರಾಧನೆ ಮುಗಿದು, ಚರ್ಚಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರದೇ ಕೈಕುಲುಕಿ ಕಳಿಸುತ್ತಿದ್ದ ಪಾದ್ರಿಗೆ ಈ ಮಾತು ಕೆನ್ನೆಗೆ ಬಾರಿಸಿದ ಹಾಗಾಯಿತು. ಬೇರೆ ಯಾರು ಅಂದಿದ್ದರೂ ಅವನು ಹಲ್ಲು ಬಿಟ್ಟು "ದೇವರಿಗೆ ಸ್ತೋತ್ರ" ಎಂದು ಮುಂದಿನ ಕೈ ಹಿಡಿಯುತ್ತಿದ್ದ. ಆದರೆ ಅಂದವಳು ಒಡಹುಟ್ಟಿದ ಅಕ್ಕ. ಅವನು ಪಾದ್ರಿಯಾದಂದಿನಿಂದ ಅವನ ಪ್ರಸಂಗವನ್ನು ಒಂದೇ ಒಂದು ಸಲ ಹೊಗಳಿದವಳಲ್ಲ. "ಲೋ ಮೂಗ, ಇವತ್ತು ಎಳೆದೂ ಎಳೆದೂ ಚೂಯಿಂಗ್ ಗಮ್ ಮಾಡ್ಬಿಟ್ಟೆ" ಅನ್ನುತ್ತಿದ್ದಳು. ಇಲ್ಲದಿದ್ದರೆ "ಮಧ್ಯದಲ್ಲಿ ಒಂದ್ಸಲ ಎಚ್ಚರ ಆಯ್ತು ಕಣೋ, ಆಗ ಪರವಾಗಿಲ್ಲ ಅನ್ನೋ ಹಾಗೆ ಹೇಳ್ತಿದ್ದೆ" ಅನ್ನುತ್ತಿದ್ದಳು. ಹಾಗಂದು, ಅವನ ನಿಲುವಂಗಿಯ ಕಾಲರನ್ನು ಎಳೆದು ಸರಿ ಮಾಡಿ ಹೋಗುತ್ತಿದ್ದಳು.

ಇವತ್ತು ಕಾಲರು ಸೊಟ್ಟಗೇ ಉಳಿಯಿತು. ಅವಳು ಕೈ ಕೊಟ್ಟಳು, ಎಲ್ಲರ ಹಾಗೆ. ನಕ್ಕಳು, ಅದೂ ಎಲ್ಲರ ಹಾಗೆ. ಮೆಟ್ಟಿಲು ಇಳಿದು ಹೋದಳು. ಪಾದ್ರಿ ಮುಂದಿನ ಕೈ ಹಿಡಿದ. ಅದು ಯಾರ ಕೈ ಎಂದು ಆಮೇಲೆ ಕೇಳಿದ್ದರೆ ಹೇಳಲು ಅವನಿಗೆ ಆಗುತ್ತಿರಲಿಲ್ಲ.

ಮೂಗ ಅನ್ನುವ ಹೆಸರಿಗೆ ಒಂದು ಹಿನ್ನೆಲೆ ಇದೆ. ಈಗ ಮೈಕ್ ಕೈಗೆ ಕೊಟ್ಟರೆ ಗೋಡೆ ಗಡಿಯಾರ ಕೈಮುಗಿದು ಬೇಡಿಕೊಂಡರೂ ಬಿಡದ ಈ ಮನುಷ್ಯ ಚಿಕ್ಕವನಾಗಿದ್ದಾಗ ಮಾತೇ ಆಡುತ್ತಿರಲಿಲ್ಲ. ಶಾಲೆಗೆ ಸೇರಿಸುವ ವಯಸ್ಸು ಬಂದರೂ ಬಾಯಿಗೆ ಬೀಗ. ಅಕ್ಕನ ಲಂಗದ ಚುಂಗು ಹಿಡಿದುಕೊಂಡು ನಿಂತರೆ ಸಾಕು, ಅವಳೇ ಅವನ ಬಾಯಿ. "ಅವನಿಗೆ ನೀರು ಬೇಕಂತೆ." "ಅವನಿಗೆ ಆ ಅಂಕಲ್ ಮೀಸೆ ಕಂಡ್ರೆ ಹೆದರಿಕೆಯಂತೆ." ಆದರೆ ಹೇಳಬಾರದ್ದನ್ನು ಅವಳು ಯಾರಿಗೂ ಹೇಳಿದವಳಲ್ಲ. ತಮ್ಮ ದೊಡ್ಡವನಾದ ಮೇಲೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಅಪ್ಪ ಏಳುವ ಮುಂಚೆ ಬೆಡ್‌ಶೀಟು ಎಳೆದುಕೊಂಡು ಹೋಗಿ ನೆನೆಹಾಕಿ, "ನಾನೇ ನೀರು ಚೆಲ್ಲಿಬಿಟ್ಟೆ" ಎಂದು ಅವನ ಪಾಲಿನ ಬೈಗುಳವನ್ನೂ ತಾನೇ ತಿನ್ನುತ್ತಿದ್ದಳು. ಆ ಗುಟ್ಟು ಇವತ್ತಿಗೂ ಹೊಸ್ತಿಲು ದಾಟಿಲ್ಲ. ಪಾದ್ರಿಯ ಹೆಂಡತಿಗೂ ಗೊತ್ತಿಲ್ಲ.

ಅಂಥ ಅಕ್ಕನ ಗುಟ್ಟನ್ನು ತಮ್ಮ ಒಂದು ವಾರವೂ ಇಟ್ಟುಕೊಳ್ಳಲಿಲ್ಲ.

ಅವಳು ಅದನ್ನು ಹೇಳಿದ್ದು ಸೋಮವಾರ, ತನ್ನ ಅಂಗಡಿಯಲ್ಲಿ. ಊರಿಗೆಲ್ಲ ಭಾನುವಾರ ರಜ, ಪಾದ್ರಿಗಳಿಗೆ ಸೋಮವಾರ. ಆ ದಿನ ಅವನು ನಿಲುವಂಗಿಯನ್ನು ಗೂಟಕ್ಕೆ ಹಾಕಿ, ಮಾಸಲು ಟೀ ಶರ್ಟು ತೊಟ್ಟು ಅಕ್ಕನ ಅಂಗಡಿಯಲ್ಲಿ ಹೋಗಿ ಕೂರುತ್ತಿದ್ದ. ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಒಳಗೆ ಕಾಲಿಟ್ಟರೆ ಮರದ ಹೊಟ್ಟು ಮತ್ತು ಅಂಟಿನ ವಾಸನೆ. ಭಾವ ತೀರಿಕೊಂಡ ಮೇಲೆ ಅಂಗಡಿಯನ್ನೂ ಮಗಳನ್ನೂ ಒಬ್ಬಳೇ ಎತ್ತಿ ನಿಲ್ಲಿಸಿದವಳು ಅವಳು.

ಅವತ್ತು ಯಾರದೋ ಮನೆಯ ಗುಂಪು ಫೋಟೋವೊಂದನ್ನು ರಟ್ಟಿಗೆ ಅಂಟಿಸುತ್ತಾ ಬೈಯುತ್ತಿದ್ದಳು.

"ಈ ಫೋಟೋ ತೆಗೆಯೋರಿಗೆ ಎಷ್ಟು ಸಲ ಬಡ್ಕೊಳ್ಲಿ ಹೇಳು. ಜನಾನ ತಗೊಂಡೋಗಿ ಅಂಚಲ್ಲಿ ನಿಲ್ಲಿಸ್ತಾರೆ. ಫ್ರೇಮಿನ ಪಟ್ಟಿ ಒಂಚೂರು ಫೋಟೋ ಮೇಲೆ ಬಂದು ಕೂರತ್ತಲ್ವಾ? ಈ ಪಾಪದ ಚಿಕ್ಕಪ್ಪನ ಅರ್ಧ ಮುಖ ಒಳಗೆ ಹೋಯ್ತು. ನಾಳೆ ಬಂದು ನನ್ನ ಜನ್ಮ ಜಾಲಾಡ್ತಾರೆ."

"ಚಿಕ್ಕಪ್ಪ ಊಟಕ್ಕೆ ಮಾತ್ರ ಬಂದಿದ್ರು ಅನ್ಸತ್ತೆ, ಬಿಡು."

"ಮೂಗ."

"ಹೂಂ?"

"ನಾನು ಮದುವೆ ಆಗ್ಬೇಕು ಅಂತಿದೀನಿ ಕಣೋ."

ಅವನ ಟೀ ಅಡ್ಡದಾರಿ ಹಿಡಿಯಿತು. ಕೆಮ್ಮಿ, ಮೂಗು ಒರೆಸಿಕೊಂಡು, "ಯಾರನ್ನ?" ಎಂದ.

"ಗಾಜಿನವರನ್ನ."

ಗಾಜಿನವರನ್ನು ಅವನೂ ಬಲ್ಲ. ಅಂಗಡಿಗಳಿಗೆ ಗಾಜಿನ ಹಾಳೆಗಳನ್ನು ತಂದು ಇಳಿಸುವ ಮನುಷ್ಯ, ಬೇರೆ ಬಡಾವಣೆಯ ಚರ್ಚಿನ ಸಭೆಯವರು. ಜೀವಮಾನವಿಡೀ ಗಾಜು ಹೊತ್ತು ಹೊತ್ತು, ಕೈ ಖಾಲಿ ಇದ್ದಾಗಲೂ ಗಾಜು ಹೊತ್ತವರ ಹಾಗೇ ನಿಧಾನಕ್ಕೆ ನಡೆಯುತ್ತಿದ್ದರು. ಮಾತೂ ಹಾಗೆಯೇ, ಎಲ್ಲಿ ಒಡೆದುಹೋಗುತ್ತದೋ ಅನ್ನುವಂತೆ.

"ಹೇಳು, ಏನನ್ಸತ್ತೆ? ಪಾದ್ರಿಯಾಗಿ ಬೇಡ. ತಮ್ಮನಾಗಿ ಹೇಳು."

"ತಮ್ಮನಾಗಿ ಕೇಳೋದಾದ್ರೆ... ಇನ್ಮೇಲೆ ಗಾಜು ಅರ್ಧ ರೇಟಿಗೆ ಸಿಗತ್ತಾ?"

ಅಕ್ಕ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಬೀಸಿದಳು. ಇಬ್ಬರೂ ನಕ್ಕರು. ನಗುತ್ತಲೇ ಅವನ ಕಣ್ಣು ತುಂಬಿತು. ಅಭ್ಯಾಸಬಲ ನೋಡಿ, ಕೈ ಜೋಡಿಸಿ ಕಣ್ಣು ಮುಚ್ಚಿಯೇಬಿಟ್ಟ.

"ಏಯ್, ಪ್ರಾರ್ಥನೆ ಗೀರ್ಥನೆ ಬೇಡ. ಕಣ್ಣು ಮುಚ್ಚಿದ ತಕ್ಷಣ ನೀನು ಪಾದ್ರಿ ಆಗ್ಬಿಡ್ತೀಯ. ಟೀ ಕುಡಿ." ಆಮೇಲೆ ದನಿ ಇಳಿಸಿದಳು. "ಮಗಳಿಗೆ ಇನ್ನೂ ಹೇಳಿಲ್ಲ. ಪರೀಕ್ಷೆ ಮುಗೀಲಿ, ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ಹೇಳ್ಬೇಕು. ಅವಳ ಅಪ್ಪನ ಜಾಗ ಅದು, ಬೇರೆಯವರ ಬಾಯಿಂದ ಕೇಳಬಾರದು. ಅಲ್ಲೀವರೆಗೂ ಈ ಮಾತು ಈ ಅಂಗಡಿ ದಾಟಬಾರದು, ತಿಳೀತಾ?"

"ಅಕ್ಕಾ, ಜನ ನನ್ನ ಹತ್ರ ಬಂದು ಏನೇನೋ ಹೇಳ್ಕೊಂಡು ಅತ್ತಿದ್ದಾರೆ. ಇವತ್ತಿನವರೆಗೂ ಒಂದಾದ್ರೂ ಆಚೆ ಬಂದಿದ್ಯಾ?"

ಅದು ಸುಳ್ಳೇನಲ್ಲ. ಸಭೆಯವರ ಗುಟ್ಟುಗಳನ್ನು ಅವನು ಹಾವಿನ ಬುಟ್ಟಿಯ ಹಾಗೆ ಮುಚ್ಚಳ ಒತ್ತಿ ಹಿಡಿದು ಓಡಾಡುತ್ತಿದ್ದ. ಆದರೆ ಅಕ್ಕನ ಮಾತು ಮನೆಯ ಮಾತು. ಮನೆಯ ಪಾತ್ರೆಗೆ ಯಾರು ಮುಚ್ಚಳ ಹುಡುಕುತ್ತಾರೆ?

ಗುರುವಾರ ಸಂಜೆ ಸೆಕ್ರೆಟರಿಯಮ್ಮನ ಮನೆಯಲ್ಲಿ ಪ್ರಾರ್ಥನಾ ಕೂಟ. ಸೆಕ್ರೆಟರಿಯಮ್ಮ ಎಂದರೆ ಸಭೆಯ ಕಾರ್ಯದರ್ಶಿ. ಪಾದ್ರಿಗಳು ಬರುತ್ತಾರೆ ಹೋಗುತ್ತಾರೆ, ಅವರು ಮಾತ್ರ ಕಂಬದ ಹಾಗೆ ಇದ್ದಲ್ಲೇ ಇರುತ್ತಾರೆ. ಹಾಲಿನಲ್ಲಿ ಕುರ್ಚಿಗಳು ಸಾಲದೆ ಕೆಲವರು ಚಾಪೆಯ ಮೇಲೆ ಕೂತಿದ್ದರು. ಸೆಕೆ. ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಹಾಡು ಮುಗಿಯಿತು, ಓದು ಮುಗಿಯಿತು, ಎಲ್ಲರೂ ತಲೆ ಬಗ್ಗಿಸಿದರು, ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ.

ಅವನ ಪ್ರಾರ್ಥನೆಗೆ ಊರಲ್ಲೇ ಹೆಸರು. ಇವರ ಪ್ರಸಂಗ ಹೇಗೋ ಇರಲಿ, ಪ್ರಾರ್ಥನೆಗೆ ನಿಂತರೆ ಕಲ್ಲೂ ಕರಗುತ್ತದೆ ಎಂದು ಜನ ಹೇಳುತ್ತಿದ್ದರು. ಆದರೆ ಅವತ್ತು ಏನೋ, ಕಲ್ಲು ಕಲ್ಲಾಗಿಯೇ ಇತ್ತು. ರೋಗಿಗಳನ್ನು ನೆನೆದ, ಪ್ರಯಾಣದಲ್ಲಿರುವವರನ್ನು ನೆನೆದ, ಅಧಿಕಾರಿಗಳನ್ನೂ ಬಿಡಲಿಲ್ಲ. ಯಾರೋ ಆಕಳಿಸಿದರು. ಯಾರೋ ಫೋನು ತೆಗೆದು ನೋಡಿ ಮತ್ತೆ ಒಳಗಿಟ್ಟಿದ್ದು ಮುಚ್ಚಿದ ಕಣ್ಣಿಗೂ ತಿಳಿಯಿತು. ಗೋಡೆ ಪಕ್ಕದಲ್ಲಿ ಕೂತ ನಿವೃತ್ತ ಹೆಡ್‌ಮಾಸ್ಟರು ಮೆಲ್ಲಗೆ ಗೊರಕೆ ಶುರು ಮಾಡಿದರು. ಆಗ, ಆ ಒಂದು ಕ್ಷಣದಲ್ಲಿ, ಅವನ ಮನಸ್ಸು ಅಡುಗೆಮನೆಯ ಕತ್ತಲಲ್ಲಿ ಉಪ್ಪಿನ ಡಬ್ಬಿಗೆ ತಡಕಾಡಿದ ಹಾಗೆ ತಡಕಾಡಿತು. ಕೈಗೆ ಸಿಕ್ಕಿತು.

"ಕರ್ತನೇ, ಇನ್ನೊಬ್ಬ ಸಹೋದರಿಯನ್ನು ನಿನ್ನ ಮುಂದೆ ತರುತ್ತೇನೆ. ಬೇರೆಯವರ ಮದುವೆಯ ಚಿತ್ರಗಳಿಗೆ ಚೌಕಟ್ಟು ಹಾಕುತ್ತಾ ಕೂತವಳ ಮನೆಯ ಗೋಡೆ ಇಷ್ಟು ವರ್ಷ ಖಾಲಿಯಾಗಿತ್ತು. ಈಗ, ಈ ವಯಸ್ಸಿನಲ್ಲಿ, ಅವಳ ಬಾಗಿಲನ್ನು ಒಬ್ಬ ಸಂಗಾತಿ ತಟ್ಟುತ್ತಿದ್ದಾನೆ. ತೆರೆಯಲೋ ಬೇಡವೋ ಎಂದು ಹೆದರಿ ನಿಂತಿರುವ ಆ ಕೈಗೆ ಧೈರ್ಯ ಕೊಡು, ಕರ್ತನೇ..."

ಗೊರಕೆ ನಿಂತಿತು. ಫ್ಯಾನಿನ ಸದ್ದು ಕೂಡ ನಿಂತ ಹಾಗಾಯಿತು. ಯಾರೋ ಮೂಗು ಎಳೆದುಕೊಂಡರು. ಪಾದ್ರಿಯ ಎದೆಯಲ್ಲಿ ಒಂದು ಬೆಚ್ಚನೆಯ ಅಲೆ ಎದ್ದಿತು. ನಿಜ ಹೇಳಬೇಕೆಂದರೆ, ಅದು ಅಕ್ಕನ ಮೇಲಿನ ಕರುಣೆಯ ಅಲೆಯಲ್ಲ. ವಾಕ್ಯ ಚೆನ್ನಾಗಿ ಬಂತು ಅನ್ನುವ ಅಲೆ.

"ಆಮೆನ್!" ಎಂದೂ ಇಲ್ಲದಷ್ಟು ಜೋರಾಗಿ ಬಂತು. ಅವನು ಕಣ್ಣು ತೆರೆದ. ಬಾಗಿಲ ಬಳಿ, ತಾನು ಕಣ್ಣು ಮುಚ್ಚುವಾಗ ಖಾಲಿಯಿದ್ದ ಸ್ಟೂಲಿನ ಪಕ್ಕದಲ್ಲಿ, ಅಕ್ಕನ ಮಗಳು ನಿಂತಿದ್ದಳು. ಕಾಲೇಜಿನಿಂದ ನೇರ ಬಂದಿದ್ದಳು, ಬ್ಯಾಗು ಇನ್ನೂ ಹೆಗಲ ಮೇಲಿತ್ತು. ಅವಳು ಮಾಮನನ್ನು ನೋಡಿದಳು. ಚಪ್ಪಲಿ ಮೆಟ್ಟಿಕೊಂಡು, ಸರಿಯಾಗಿ ಮೆಟ್ಟಿಕೊಳ್ಳಲೂ ಇಲ್ಲ, ಹೊರಟೇಹೋದಳು.

"ನಾನು ಹೆಸರು ಹೇಳಲಿಲ್ಲವಲ್ಲ" ಎಂದು ಪಾದ್ರಿ ಮನೆಯವರೆಗೂ ತನಗೆ ತಾನೇ ಹೇಳಿಕೊಂಡ. ಮನೆ ಬಂದಾಗ ಆ ಮಾತಿನ ಬಣ್ಣ ಪೂರ್ತಿ ಬಿಟ್ಟಿತ್ತು. ಇಡೀ ಸಭೆಯಲ್ಲಿ ಫ್ರೇಮ್ ಹಾಕುವವಳು ಒಬ್ಬಳೇ.

ಮಗಳು ಮನೆಗೆ ಹೋಗಿ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಚಾಪೆ ಮೇಲೆ ಕೂತಿರೋರಿಗೆಲ್ಲ ಗೊತ್ತಾದ ಮೇಲೆ ನನಗೆ ಹೇಳೋಣ ಅಂತಿದ್ಯಾ ಅಮ್ಮಾ?" ಉತ್ತರಕ್ಕೆ ನಿಲ್ಲದೆ, ಬಟ್ಟೆ ತುಂಬಿಕೊಂಡು ಗೆಳತಿಯ ಹಾಸ್ಟೆಲಿಗೆ ಹೋದಳು. ಶುಕ್ರವಾರ ಬೆಳಗ್ಗೆ ಪಾದ್ರಿ ಅಂಗಡಿಗೆ ಓಡಿದ. ಅಕ್ಕ ಗಿರಾಕಿಯೊಬ್ಬರಿಗೆ ಫ್ರೇಮಿನ ಪಟ್ಟಿಗಳನ್ನು ತೋರಿಸುತ್ತಿದ್ದಳು. ತಲೆಯೆತ್ತಿ, "ಬನ್ನಿ ಅಯ್ಯನವರೇ. ಏನಾದ್ರೂ ಫ್ರೇಮ್ ಹಾಕಿಸ್ಬೇಕಿತ್ತಾ?" ಎಂದಳು. ಅವನು ಹೊಸ್ತಿಲಿನಿಂದಲೇ ವಾಪಸ್ಸು ಬಂದ.

ಸೆಕ್ರೆಟರಿಯಮ್ಮನಿಗೆ ಮಾತ್ರ ಹಬ್ಬ. ಅದೇ ಭಾನುವಾರ, ಅಕ್ಕ ಮೆಟ್ಟಿಲು ಇಳಿದು ಹೋದ ಹಿಂದೆಯೇ ಅವನನ್ನು ಹಿಡಿದುಕೊಂಡರು.

"ಅಯ್ಯನವರೇ, ಮದುವೆ ಪ್ರಕಟಣೆ ಯಾವಾಗ ಓದೋಣ? ಅದಕ್ಕಿಂತ ಮುಂಚೆ ನೀವೇ ಓದ್ಬಿಟ್ರಿ ಬಿಡಿ, ಹಿಹ್ಹಿ! ಬಾಯಿ ತಪ್ಪಿ ಬಂತು ಅಲ್ವಾ? ಹಾಗೇ ಆಗತ್ತೆ. ಪ್ರಾರ್ಥನೆ ಮಾಡೋವಾಗ ನಾವೆಲ್ಲಿ ಇರ್ತೀವಿ ಹೇಳಿ, ಎಲ್ಲಾ ಮೇಲಿನವನೇ ಮಾತಾಡಿಸ್ತಾನೆ."

ಮೇಲಿನವನ ತಲೆಗೇ ಕಟ್ಟಿಬಿಟ್ಟರಲ್ಲ ಎಂದು ಪಾದ್ರಿ ಬೆಚ್ಚಿದ. ಆದರೆ "ಅಲ್ಲ" ಅನ್ನಲಿಲ್ಲ.

ಮಧ್ಯಾಹ್ನ ಊಟದ ಮೇಜಿನಲ್ಲೇ ಅವನ ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಳು. ಶಾಲೆಯಲ್ಲಿ ಲೆಕ್ಕದ ಟೀಚರು. ಅವಳೆದುರು ನಿಂತು, ಮುಂದಿನ ಭಾನುವಾರ ಪೀಠದಿಂದ ಹೇಳಬೇಕೆಂದಿದ್ದ ಮಾತನ್ನು ಅವನು ಒಪ್ಪಿಸಿದ. "ನಿಮ್ಮ ಪಾಲಕನೂ ಒಂದು ತಪ್ಪಿಹೋದ ಕುರಿಯೇ. ಸ್ವಂತ ರಕ್ತದ ನಂಬಿಕೆಯನ್ನು ಮುರಿದವನು ನಾನು..." ಹೇಳುತ್ತಾ ಹೇಳುತ್ತಾ ಅವನ ಕೈ ಮೈಕ್ ಹಿಡಿಯುವ ಹಾಗೆ ಮೇಲೆದ್ದಿತು.

ಹೆಂಡತಿ ಕೆಂಪು ಪೆನ್ನಿಗೆ ಕ್ಯಾಪು ಹಾಕಿದಳು.

"ಚೆನ್ನಾಗಿದೆ. ಎಲ್ಲರೂ ಅಳ್ತಾರೆ. ಸೆಕ್ರೆಟರಿಯಮ್ಮ ಅಂತೂ ಎರಡು ಕರ್ಚೀಫು ತರ್ತಾರೆ."

"ಮತ್ತೇನು ಮಾಡ್ಲಿ ಹೇಳು?"

"ಅತ್ತಿಗೆ ಅಲ್ಲೇ ಕೂತಿರ್ತಾರೆ ರೀ. ಎಲ್ಲರ ಕತ್ತೂ ಅವರ ಕಡೆ ತಿರುಗತ್ತೆ. ಗಾಯ ಆಗಿರೋದು ಅವರಿಗೆ, ಬ್ಯಾಂಡೇಜು ಸುತ್ಕೊಂಡು ಮೆರವಣಿಗೆ ಹೊರಡೋರು ನೀವು. ಕ್ಷಮೆ ಕೇಳೋಕೂ ಮೈಕ್ ಬೇಕಾ ನಿಮಗೆ?"

ಅವನು ಕುರ್ಚಿ ಎಳೆದುಕೊಂಡು ಕೂತ. ಆಗ ಅವಳು ಸ್ವಲ್ಪ ಮೆತ್ತಗಾಗಿ, "ಮೊದಲು ಆ ಹುಡುಗಿ ಹತ್ರ ಹೋಗಿ. ನಿಲುವಂಗಿ ಬಿಚ್ಚಿಟ್ಟು ಹೋಗಿ" ಎಂದಳು.

ಹೋದ. ಹಾಸ್ಟೆಲಿನ ಕ್ಯಾಂಟೀನಿನಲ್ಲಿ ಅಕ್ಕನ ಮಗಳು ಪುಸ್ತಕ ತೆರೆದಿಟ್ಟುಕೊಂಡು ಕಿಟಕಿ ನೋಡುತ್ತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಅವಳ ಮುಂದೆ ಕೂತರೂ ಅವನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

"ಪುಟ್ಟಿ, ನಿನ್ನಮ್ಮನದ್ದು ಏನೂ ತಪ್ಪಿಲ್ಲ. ನಿನಗೇ ಮೊದಲು ಹೇಳ್ಬೇಕು ಅಂತಿದ್ಳು. ಪರೀಕ್ಷೆ ಮುಗೀಲಿ ಅಂತ ಕಾಯ್ತಿದ್ಳು."

"ಅಮ್ಮ ಮದುವೆ ಆಗೋದಕ್ಕೆ ನನಗೇನು ಬೇಜಾರಿಲ್ಲ ಮಾಮ. ಗಾಜಿನಂಕಲ್ ಅಂತ ನಾನು ಆಗಲೇ ಊಹಿಸಿದ್ದೆ, ಅವರು ಒಳ್ಳೆಯವರೇ. ಆದ್ರೆ ನಾನು ಅಲ್ಲಿ ನಿಂತಿದ್ದಾಗ ಎಲ್ಲರೂ ಒಂದು ಕಣ್ಣು ತೆಗೆದು ನನ್ನ ನೋಡಿದ್ರು. ಕಣ್ಣು ಮುಚ್ಕೊಂಡಿದ್ದಿದ್ದು ನೀವೊಬ್ಬರೇ." ಅವಳ ದನಿ ಏರಿತು. "ದೇವರಿಗೆ ಹೇಳೋದಾದ್ರೆ ಮನಸ್ಸಲ್ಲೇ ಹೇಳ್ಬಹುದಿತ್ತಲ್ಲ? ಅವನಿಗೇನು ಕಿವಿ ಮಂದಾನಾ?"

ಅವಳು ಟೀ ಲೋಟದ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೇಳಿದಳು.

"ಬೇಕು ಅಂತಲೇ ಹೇಳಿದ್ರಾ? ಅಥವಾ ಬಾಯಿ ತಪ್ಪಿ ಬಂತಾ?"

ಇಲ್ಲಿ ಒಂದು ಕ್ಷಣವಿತ್ತು. ಬಾಗಿಲು ತೆರೆದೇ ಇತ್ತು, ನಿಜ ಹೊಸ್ತಿಲ ಮೇಲೆಯೇ ನಿಂತಿತ್ತು. ಆದರೆ ಹುಡುಗಿಯ ಆ ಸೊರಗಿದ ಮುಖ ನೋಡಿ, "ಬಾಯಿ ತಪ್ಪಿ ಬಂತು ಕಂದಾ" ಎಂದುಬಿಟ್ಟ. ಅವಳಿಗೋಸ್ಕರ ಹೇಳಿದೆ ಎಂದುಕೊಂಡ. ಅದೂ ಸುಳ್ಳು ಎಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಗೊತ್ತಾಯಿತು.

ಸುಳ್ಳು ಎಷ್ಟು ಚುರುಕಾಗಿ ಕೆಲಸ ಮಾಡಿತು ಎಂದರೆ ಅವನಿಗೇ ಹೆದರಿಕೆಯಾಯಿತು. ಅವತ್ತೇ ಸಂಜೆ ಹುಡುಗಿ ಮನೆಗೆ ಹೋದಳು. ಅಮ್ಮ ಮಗಳು ಅಪ್ಪಿಕೊಂಡು ಅತ್ತರು. ಮಾರನೆಯ ದಿನ, ಸೋಮವಾರ, ಅಕ್ಕನೇ ಫೋನು ಮಾಡಿದಳು.

"ಲೋ ಮೂಗ, ಎಲ್ಲಿ ಸತ್ತಿದ್ದೀಯ? ಟೀ ಆರ್ತಿದೆ."

ಅಂಗಡಿಗೆ ಹೋದಾಗ ಅವಳೇ ಅವನ ತಲೆಗೆ ಮೊಟಕಿದಳು. "ಮಗಳು ಎಲ್ಲಾ ಹೇಳಿದ್ಳು. ಬಾಯಿ ಜಾರಿದ್ದಕ್ಕೆ ಯಾರೇನು ಮಾಡೋಕಾಗತ್ತೆ? ನಾನೂ ಜಾಸ್ತಿ ಬಿಗಿದುಬಿಟ್ಟೆ. ಮಾತು ಬರದೇ ಇದ್ದಾಗ ನೀನು ಎಷ್ಟು ಒಳ್ಳೆಯವನಾಗಿದ್ದೆ ಮಾರಾಯ!" ನಕ್ಕಳು. "ಪರೀಕ್ಷೆ ಮುಗಿದ ಮೇಲೆ ಮದುವೆ. ನೀನೇ ಮಾಡಿಸ್ಬೇಕು. ಈ ಭಾನುವಾರದಿಂದ ಪ್ರಕಟಣೆ ಓದು. ಈ ಸಲ ಹೆಸರು ಹೇಳು, ಪರವಾಗಿಲ್ಲ."

ಅವನೂ ನಕ್ಕ. ಟೀ ಕುಡಿದ. ಟೀ ಬಾಯಲ್ಲಿ ಮಣ್ಣಾಯಿತು.

ಮದುವೆ ಪ್ರಕಟಣೆ ಎಂದರೆ ಮದುವೆಗೆ ಮುಂಚಿನ ಭಾನುವಾರಗಳಲ್ಲಿ ಇಬ್ಬರ ಹೆಸರನ್ನೂ ಸಭೆಯ ಮುಂದೆ ಓದಿ, ಅಡ್ಡಿ ಏನಾದರೂ ಗೊತ್ತಿದ್ದವರು ಈಗಲೇ ಹೇಳಬೇಕು ಎಂದು ಕೇಳುವುದು. ಎಷ್ಟೋ ಜೋಡಿಗಳಿಗೆ ಓದಿದ್ದ, ಒಂದು ದಿನವೂ ಆ ಸಾಲಿನ ಕಡೆ ತಿರುಗಿ ನೋಡಿರಲಿಲ್ಲ. ಈ ವಾರ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡಿತು. ಅಡ್ಡಿ ಗೊತ್ತಿದ್ದವರು. ಅಕ್ಕ ತಲೆಗೆ ಮೊಟಕುವುದನ್ನು, ಮೂಗ ಅನ್ನುವುದನ್ನು ಅವನು ಸುಳ್ಳು ಹೇಳಿ ಕದ್ದು ತಂದಿದ್ದ. ಕದ್ದ ಮಾಲು ಮನೆಯಲ್ಲಿ ಇಟ್ಟುಕೊಂಡವನಿಗೆ ಬೀದಿಯಲ್ಲಿ ನಾಯಿ ಬೊಗಳಿದರೂ ತನ್ನನ್ನೇ ಅನ್ನಿಸುತ್ತದೆ. ಸುಮ್ಮನಿದ್ದರೆ ಎಲ್ಲ ಸರಿಹೋಗಿತ್ತು. ಸರಿಹೋಗಿದ್ದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಶನಿವಾರ ಅಂಗಡಿಗೆ ಹೋದ. ಅಕ್ಕ ದೊಡ್ಡ ಗಾಜಿನ ಹಾಳೆಯ ಮೇಲೆ ಸ್ಕೇಲು ಇಟ್ಟು, ಗಾಜು ಕತ್ತರಿಸುವ ಡೈಮಂಡನ್ನು ಎಳೆಯುತ್ತಿದ್ದಳು. ಶುರು ಮಾಡಿದ ಗೆರೆಯನ್ನು ಮಧ್ಯದಲ್ಲಿ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗಾಜು ಎಲ್ಲೆಂದರಲ್ಲಿ ಸೀಳುತ್ತದೆ. ಅದು ಅವನಿಗೂ ಗೊತ್ತಿತ್ತು. ಅವಳು ತಲೆ ಎತ್ತಿ ನೋಡುವ ಮುಂಚೆ ಹೇಳಿದರೆ ಹೇಳಬಲ್ಲೆ, ಇಲ್ಲದಿದ್ದರೆ ಇಲ್ಲ ಅನ್ನಿಸಿತು.

"ಅಕ್ಕಾ, ಅವತ್ತು ಬಾಯಿ ತಪ್ಪಿ ಬರಲಿಲ್ಲ."

ಗೆರೆ ಕೊನೆಯವರೆಗೂ ಹೋಯಿತು. ಅವಳು ಗಾಜನ್ನು ಮೇಜಿನ ಅಂಚಿಗೆ ತಂದು, ಮೆಲ್ಲಗೆ ತಟ್ಟಿ, ಟಕ್ ಎಂದು ಮುರಿದಳು. ಎರಡೂ ತುಂಡು ನೀಟಾಗಿ ಬಂದವು.

"ಏನಂದೆ?"

"ಗೊತ್ತಿದ್ದೇ ಹೇಳಿದೆ. ಪ್ರಾರ್ಥನೆ ಸಪ್ಪೆ ಆಗ್ತಿತ್ತು. ಹೆಡ್‌ಮಾಸ್ಟರು ಗೊರಕೆ ಹೊಡೀತಿದ್ರು. ಏನಾದ್ರೂ ಬೇಕಿತ್ತು. ನಿನ್ನ ಮಾತು ಕೈಗೆ ಸಿಕ್ತು."

"ಕೈಗೆ ಸಿಕ್ತು."

"ಹೂಂ."

ಅಕ್ಕ ಗಾಜಿನ ಪುಡಿಯನ್ನು ಬ್ರಷ್ಷಿನಿಂದ ಗುಡಿಸಿ ಡಬ್ಬಕ್ಕೆ ಹಾಕಿದಳು. ಬಹಳ ಹೊತ್ತು ಗುಡಿಸಿದಳು.

"ಗೊರಕೆ ನಿಂತಿತಾ?"

"ನಿಂತಿತು."

"ನನ್ನ ಮಗಳಿಗೂ ಸುಳ್ಳು ಹೇಳ್ದೆ."

"ಹೇಳ್ದೆ. ಅವಳ ಹತ್ರಾನೂ ಹೋಗಿ ಹೇಳ್ತೀನಿ."

"ಏನೂ ಬೇಡ. ನಾನೇ ಹೇಳ್ತೀನಿ. ಹೇಳೋ ಕೆಲಸ ನೀನು ಮಾಡಿದ್ದು ಸಾಕು." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಉಸಿರಾಡಲು ಆಗುತ್ತಿತ್ತು. "ಈಗ ಯಾಕೋ ಹೇಳ್ದೆ ಇದನ್ನ? ಎಲ್ಲಾ ಮುಗಿದಿತ್ತಲ್ಲ. ನಿನಗೆ ಹಗುರ ಆಗ್ಲಿ ಅಂತ ಬಂದ್ಯಾ?"

ಅವನು ಯೋಚಿಸಿದ. "ಗೊತ್ತಿಲ್ಲ ಅಕ್ಕಾ. ಇರಬಹುದು."

"ಅದೊಂದು ಮಾತು ನಿಜ ಅನ್ಸತ್ತೆ."

ಒಬ್ಬ ಗಿರಾಕಿ ಬಂದ, ಬೆಲೆ ಕೇಳಿದ, ಹೋದ. ಪಾದ್ರಿ ಸ್ಟೂಲಿನ ಮೇಲೆ ಕೂರಲಿಲ್ಲ, ಹೋಗಲೂ ಇಲ್ಲ. ಅಕ್ಕ ಕೈ ಒರೆಸಿಕೊಂಡು, ಅವನ ಕಡೆ ನೋಡದೆ ಹೇಳತೊಡಗಿದಳು.

"ಮದುವೆಗೆ ನಮ್ಮ ಹಳೇ ಅಯ್ಯನವರನ್ನ ಕರೀತೀನಿ. ನಾಳೆ ಪ್ರಕಟಣೆನ ಸೆಕ್ರೆಟರಿಯಮ್ಮ ಓದ್ಲಿ. ನೀನು ಮದುವೆಗೆ ಬಾ, ಕೆಳಗೆ ಕೂತ್ಕೋ. ಪ್ರಾರ್ಥನೆಗೆ ಯಾರಾದ್ರೂ ನಿನ್ನ ಕರೆದ್ರೆ ಏಳಬೇಡ. ಯಾಕೆ ಅಂತ ಕೇಳಿದ್ರೆ ಹೇಳಬೇಡ. ನನ್ನದೊಂದು ವಿಷಯ ಆದ್ರೂ ನಿನ್ನ ಹೊಟ್ಟೆಯಲ್ಲಿ ಇರ್ಲಿ."

"ಆಯ್ತು."

"ಹೋಗು ಈಗ. ಕೆಲಸ ಇದೆ."

ಅವತ್ತು ಟೀ ಬರಲಿಲ್ಲ.

ಭಾನುವಾರ ಸೆಕ್ರೆಟರಿಯಮ್ಮ ಪ್ರಕಟಣೆ ಓದಿದರು. ಪಾದ್ರಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅಷ್ಟು ಸಾಕಾಯಿತು. ಮಂಗಳವಾರಕ್ಕೆ ಮೊದಲೇ ಸಭೆಯಲ್ಲಿ ಮಾತು ಹುಟ್ಟಿ, ಕಾಲು ಬಂದು, ಓಡಾಡತೊಡಗಿತು: ಅಕ್ಕನ ಎರಡನೇ ಮದುವೆ ಪಾದ್ರಿಗೆ ಹಿಡಿಸಿಲ್ಲವಂತೆ. ಮಾಡಿಸಲ್ಲ ಅಂದುಬಿಟ್ಟರಂತೆ. ಅದಕ್ಕೇ ಪಾಪ ಆ ಹೆಂಗಸು ಹಳೇ ಅಯ್ಯನವರನ್ನು ಹುಡುಕಿಕೊಂಡು ಹೋದಳಂತೆ.

ಸೆಕ್ರೆಟರಿಯಮ್ಮ ಚರ್ಚಿನ ಆಫೀಸಿಗೇ ಬಂದು, ಬಾಗಿಲು ಹಾಕಿಕೊಂಡು ನಿಂತರು.

"ಅಯ್ಯನವರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೂಟದಲ್ಲಿ ಅಷ್ಟು ಚೆನ್ನಾಗಿ ಅವರಿಗೋಸ್ಕರ ಪ್ರಾರ್ಥನೆ ಮಾಡಿದ್ರಿ. ಈಗ ನೋಡಿದ್ರೆ ಹೀಗೆ! ಒಡಹುಟ್ಟಿದವಳ ಸುಖಕ್ಕೆ ಅಡ್ಡಗಾಲು ಹಾಕೋ ಅಷ್ಟು ಸಣ್ಣ ಮನಸ್ಸು ನಿಮ್ಮದು ಅಂತ ನಾನಂತೂ ಅಂದ್ಕೊಂಡಿರಲಿಲ್ಲ."

ಪಾದ್ರಿಯ ಬಾಯಿ ತೆರೆಯಿತು. ಎಷ್ಟು ಸುಲಭ! ಅಕ್ಕನೇ ಬೇಡ ಅಂದಳು ಎಂಬ ಒಂದೇ ಮಾತು ಸಾಕಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬರುತ್ತಿತ್ತು. ಬಾಯಿ ಮುಚ್ಚಿದ.

"ಏನಾದ್ರೂ ಹೇಳಿ!"

ಅವನು ಇಲ್ಲ ಎಂಬಂತೆ ತಲೆಯಾಡಿಸಿದ. ಅವರು ಬಾಗಿಲು ಧಡ್ ಎಂದು ಹಾಕಿಕೊಂಡು ಹೋದರು.

ಮದುವೆಯ ದಿನ ಅವನು ಹೆಂಡತಿಯ ಪಕ್ಕ, ಬೆಂಚಿನ ತುದಿಯಲ್ಲಿ ಕೂತ. ಸ್ವಂತ ಚರ್ಚಿನಲ್ಲಿ ಕೆಳಗೆ ಕೂತು ಅವನಿಗೆ ಅಭ್ಯಾಸವೇ ಇರಲಿಲ್ಲ. ಮೇಲಿನಿಂದ ಎಲ್ಲರನ್ನೂ ಎಬ್ಬಿಸಿ ಕೂರಿಸುವವನಿಗೆ ತಾನು ಯಾವಾಗ ಏಳಬೇಕು, ಯಾವಾಗ ಕೂರಬೇಕು ತಿಳಿಯದೆ ಹೋಯಿತು. ಒಂದು ಹಾಡಿಗೆ ಎಲ್ಲರೂ ಎದ್ದರೂ ಅವನು ಕೂತೇ ಇದ್ದ. ಮುಂದಿನ ಸಾಲಿನಿಂದ ಅಕ್ಕನ ಮಗಳು ತಿರುಗಿ, "ಮಾಮ, ಏಳಿ" ಎಂದು ಪಿಸುಗುಟ್ಟಿದಳು. ಅವಳಿಗೆ ಅಮ್ಮ ಹೇಳಿದ್ದಾಳೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದು ಅವನು ಕೇಳಲಿಲ್ಲ.

ಅಕ್ಕ ತಿಳಿನೀಲಿ ಬಟ್ಟೆಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ಗಾಜಿನವರು ಹೊಸ ಕೋಟಿನಲ್ಲಿ, ಕೋಟೂ ಒಡೆಯಬಹುದು ಅನ್ನುವಂತೆ ಮೈ ಬಿಗಿಹಿಡಿದು ನಿಂತಿದ್ದರು. ಮಾತು ಕೊಟ್ಟಾಯಿತು, ಉಂಗುರ ತೊಡಿಸಿಯಾಯಿತು. ಹಳೇ ಅಯ್ಯನವರಿಗೆ ವಯಸ್ಸು ತುಂಬಾ ಆಗಿತ್ತು. ಯಾರು ಏನು ಹೇಳಿದ್ದರೋ, ಏನು ಮರೆತಿದ್ದರೋ, ಕನ್ನಡಕದ ಮೇಲಿಂದ ಬೆಂಚುಗಳ ಕಡೆ ನೋಡಿ ನಗುತ್ತಾ ಅಂದರು:

"ಈಗ ನವದಂಪತಿಗಳಿಗೋಸ್ಕರ, ವಧುವಿನ ತಮ್ಮ, ಈ ಸಭೆಯ ಪಾಲಕರೇ ಪ್ರಾರ್ಥನೆ ಮಾಡಲಿ."

ಇಡೀ ಚರ್ಚಿನ ಕತ್ತುಗಳು ತಿರುಗಿದವು. ಅಕ್ಕನದು ತಿರುಗಲಿಲ್ಲ. ಆದರೆ ಅವಳ ಹೆಗಲು ಗಟ್ಟಿಯಾದದ್ದು ಅವನಿಗೆ ಕಂಡಿತು. ಅಪ್ಪನ ಮುಂದೆ ಬೈಸಿಕೊಳ್ಳಲು ನಿಂತಾಗ ಹೀಗೇ ಗಟ್ಟಿಯಾಗುತ್ತಿತ್ತು.

ಪಾದ್ರಿ ಕೂತಲ್ಲಿಂದಲೇ ತಲೆ ಅಡ್ಡಡ್ಡ ಆಡಿಸಿದ.

ಯಾರೋ "ಛೆ" ಎಂದರು. ಇನ್ಯಾರೋ, "ನಾನು ಹೇಳಿರಲಿಲ್ವಾ?" ಎಂದರು, ಅವನಿಗೆ ಕೇಳಲಿ ಎಂದೇ. ಸೆಕ್ರೆಟರಿಯಮ್ಮ ಅವನ ಕಡೆ ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹತ್ತಿಕೊಳ್ಳುತ್ತಿತ್ತು. ಹೆಂಡತಿ ಬೆಂಚಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಹಳೇ ಅಯ್ಯನವರು ತಬ್ಬಿಬ್ಬಾಗಿ, ಕೆಮ್ಮಿ, ತಾವೇ ಪ್ರಾರ್ಥನೆ ಶುರು ಮಾಡಿದರು.

ಅವನೂ ತಲೆ ಬಗ್ಗಿಸಿದ. ಮನಸ್ಸಿನಲ್ಲೇ ಅಕ್ಕನಿಗೋಸ್ಕರ ಕೇಳಿಕೊಳ್ಳೋಣ ಎಂದುಕೊಂಡ. "ಕರ್ತನೇ, ಖಾಲಿ ಗೋಡೆಯ ಮೇಲೆ ಇವತ್ತು..." ಎಂದು ವಾಕ್ಯ ತಾನಾಗಿ ಎದ್ದು, ತಲೆ ಬಾಚಿಕೊಂಡು ನಿಂತಿತು. ಅವನಿಗೆ ಅಸಹ್ಯವಾಯಿತು. ವಾಕ್ಯವನ್ನು ಬಿಟ್ಟ. ಅವಳ ಹೆಸರನ್ನಷ್ಟೇ ಹೇಳಿಕೊಂಡ, ಒಳಗೊಳಗೇ, ಬೇರೇನನ್ನೂ ಸೇರಿಸದೆ.

ಹೊರಗೆ ಮೆಟ್ಟಿಲ ಮೇಲೆ ಫೋಟೋಕ್ಕೆ ಎಲ್ಲರನ್ನೂ ನಿಲ್ಲಿಸಿದರು. ಅವನು ಹೋಗಿ ಕಟ್ಟಕಡೆಯ ತುದಿಯಲ್ಲಿ, ಹೆಡ್‌ಮಾಸ್ಟರ ಪಕ್ಕ ನಿಂತ. ಫೋಟೋ ತೆಗೆಯುವವನು ಕ್ಯಾಮೆರಾ ಎತ್ತಿದ್ದೇ ತಡ, ಮದುವಣಗಿತ್ತಿ ಕೂಗಿದಳು.

"ಏ ತಡಿಯಪ್ಪಾ! ಅಂಚಲ್ಲಿರೋರು ಒಳಗೆ ಬನ್ನಿ. ಆಮೇಲೆ ಫ್ರೇಮ್ ನಿಮ್ಮನ್ನ ತಿಂದುಹಾಕತ್ತೆ, ಬೈಗುಳ ನನಗೆ ಬರತ್ತೆ."

ಎಲ್ಲರೂ ನಕ್ಕರು. ಎರಡೂ ತುದಿಯವರು ಒಳಕ್ಕೆ ಒತ್ತಿಕೊಂಡರು. ಅವಳು ಅದನ್ನು ಯಾರ ಕಡೆ ನೋಡಿಯೂ ಹೇಳಿರಲಿಲ್ಲ, ಮುಂದೆ ನೋಡಿಯೇ ಹೇಳಿದ್ದಳು. ತನ್ನನ್ನೂ ಸೇರಿಸಿ ಹೇಳಿದಳೇ ಎಂದು ಅವನಿಗೆ ಗೊತ್ತಾಗಲಿಲ್ಲ. ಕಾಲರು ಸೊಟ್ಟಗಾಗಿದ್ದು ಕುತ್ತಿಗೆಗೆ ತಿಳಿಯುತ್ತಿತ್ತು, ಕೈ ಎತ್ತಿ ತಾನೇ ಸರಿ ಮಾಡಿಕೊಳ್ಳಲಿಲ್ಲ.

"ಅಯ್ಯನವರೇ, ಇನ್ನೊಂಚೂರು ಬನ್ನಿ" ಎಂದ ಫೋಟೋದವನು.

ಪಾದ್ರಿ ಅರ್ಧ ಹೆಜ್ಜೆ ಒಳಗೆ ಸರಿದು ನಿಂತ.